ಬೊಂಬೆಯೊಳಗಿನ ಆಲೆ ಮರ

ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಕಾಣದವರು ಕಡಿಮೆ. ಆ ಬಣ್ಣದ ಕೆಳಗಿರುವ ಮರ ಯಾವುದೆಂದು ಕೇಳುವವರು ಇನ್ನೂ ಕಡಿಮೆ. ಅದು ಆಲೆ ಮರ. ಕೆಲವೆಡೆ ಹಾಲೆ ಎನ್ನುತ್ತಾರೆ. ಎಲೆ ಕಿತ್ತರೆ, ತೊಗಟೆ ಕೆತ್ತಿದರೆ ಬಿಳಿ ಹಾಲು ಒಸರುತ್ತದೆ. ಕಣಗಿಲೆಯ ಕುಟುಂಬಕ್ಕೆ ಸೇರಿದ ಇದರ ಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ. ಉದ್ದನೆಯ ಕಾಯಿಗಳು ಜೋಡಿ ಜೋಡಿಯಾಗಿ ನೇತುಬಿದ್ದಾಗ ಗುರುತಿಸುವುದು ಸುಲಭ. (ಏಳೆಲೆಯ ಹಾಲೆ ಎಂಬ ದೊಡ್ಡ ಮರ ಬೇರೆ.)

ಟಿಂಕ್ಟೋರಿಯಾ ಎಂದರೆ ಬಣ್ಣ ಹಾಕಲು ಬಳಸುವಂಥದು ಎಂದರ್ಥ. ಹಿಂದೆ ಇದರ ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದರು. ತಮಾಷೆಯೆಂದರೆ, ಬೊಂಬೆ ಮಾಡುವವರು ಮೆಚ್ಚಿದ್ದು ಮರಕ್ಕೆ ಬಣ್ಣವೇ ಇಲ್ಲದಿರುವುದನ್ನು! ದಂತದಂತೆ ಬೆಳ್ಳಗಿರುವುದರಿಂದ ಮೇಲೆ ಹಚ್ಚಿದ ಹಳದಿ ಹಳದಿಯಾಗಿಯೇ ಕಾಣುತ್ತದೆ. ಬೀಟೆಯಷ್ಟು ಗಡುಸಲ್ಲ, ಎಳೆ ನಯ, ರಂಧ್ರಗಳು ಬಹು ಸಣ್ಣವು. ಉಳಿ ತಾಗಿಸಿದರೆ ಸಿಬಿರು ಏಳದೆ ನುಣ್ಣಗೆ ಬರುತ್ತದೆ.

ಈ ಸಣ್ಣ ರಂಧ್ರಗಳ ಬೆಲೆ ತಿಳಿಯುವುದು ಅರಗು ಹಚ್ಚುವಾಗ. ಇಲ್ಲಿ ಕುಂಚದ ಕೆಲಸವಿಲ್ಲ. ಲೇತಿನಲ್ಲಿ ರಭಸವಾಗಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಮೆದುವಾಗಿ ಮರವನ್ನು ಹತ್ತಿಕೊಳ್ಳುತ್ತದೆ. ಅನಂತರ ತಾಳೆಗರಿಯಿಂದ ಉಜ್ಜಿದರೆ ಹೊಳಪು. ರಂಧ್ರ ದೊಡ್ಡದಾದ ಮರದಲ್ಲಿ ಅರಗು ಅಲ್ಲಲ್ಲಿ ಇಳಿದು ಮೇಲ್ಮೈ ಒರಟಾಗುತ್ತದೆ.

ಮರ ಒಣಗಿರಲೇಬೇಕು. ಒಣಗುವಾಗ ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗಿನದಕ್ಕಿಂತ ಸಾಮಾನ್ಯವಾಗಿ ಇಮ್ಮಡಿ. ಆದ್ದರಿಂದ ಸೀಳಿದ ಹಸಿ ತುಂಡಿನಿಂದ ಕಡೆದ ಗಾಡಿಯ ಚಕ್ರ ದಿನ ಕಳೆದಂತೆ ಮೊಟ್ಟೆಯಾಕಾರ ತಾಳುತ್ತದೆ. ಕುಗ್ಗದ ಅರಗು ಬಿರುಕು ಬಿಡುತ್ತದೆ. ಇತ್ತ ಗಾಳಿಯಾಡದಂತೆ ರಾಶಿ ಹಾಕಿದರೆ ಬೂಷ್ಟು ಹಿಡಿದು ಬಿಳುಪೇ ಕೆಡುತ್ತದೆ. ಹೀಗಾಗಿ ತುಂಡುಗಳನ್ನು ತಿಂಗಳುಗಟ್ಟಲೆ ನೆರಳಿನಲ್ಲಿ, ಗಾಳಿಗೆ ಒಡ್ಡಿ ಒಣಗಿಸುತ್ತಾರೆ.

ಈಗ ಚನ್ನಪಟ್ಟಣದ ಲೇತುಗಳಲ್ಲಿ ರಬ್ಬರ್ ಮರವೂ ತಿರುಗುತ್ತಿದೆ. ಹಾಲು ಬತ್ತಿದ ರಬ್ಬರ್ ಮರವನ್ನು ಹೇಗೂ ಕಡಿಯುತ್ತಾರೆ; ಅದು ಬೊಂಬೆಯಾದರೆ ತಪ್ಪೇನಿಲ್ಲ. ಆದರೆ ಅದರ ರಂಧ್ರಗಳು ದೊಡ್ಡವು, ಪಿಷ್ಟ ಹೆಚ್ಚಿರುವುದರಿಂದ ಹುಳು ಬೇಗ ಹೊಡೆಯುತ್ತದೆ. ಮೊದಲೇ ಔಷಧಿ ಉಣಿಸಬೇಕು. ಮಗು ಬಾಯಿಗಿಡುವ ಗಿಲಕಿಗೆ ಆಲೆಯೇ ಲೇಸು. ಕಷ್ಟವೆಂದರೆ ತೇಗದಂತೆ ತೊಲೆ, ಬಾಗಿಲಿಗೆ ಒದಗದ ಈ ಚಿಕ್ಕ ಮರವನ್ನು ರೈತರು ಬೇಕೆಂದು ನೆಡುವುದು ಅಪರೂಪ. ಬದುವಿನಲ್ಲಿ ನಾಲ್ಕು ಗಿಡಕ್ಕೆ ಜಾಗವಿರುವವರು ಪ್ರಯತ್ನಿಸಬಹುದು. ಬೀಜಕ್ಕೆ ರೇಷ್ಮೆಯಂಥ ಕುಚ್ಚಿರುವುದರಿಂದ ಕಾಯಿ ಒಡೆದರೆ ಗಾಳಿಗೆ ಹಾರಿಹೋಗುತ್ತದೆ. ಬಲಿತ ಕಾಯಿಯನ್ನು ಬಾಯಿ ಬಿಡುವ ಮೊದಲೇ ಕೊಯ್ದು, ಬಟ್ಟೆಯ ಚೀಲದಲ್ಲಿಟ್ಟು ಒಣಗಿಸಬೇಕು.