ಈರುಳ್ಳಿಯ ಹಣೆಬರಹ ಬರೆಯುವವರ ನಡುವೆ ನಮ್ಮವರೆಲ್ಲಿ?

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು ಈರುಳ್ಳಿ ರಫ್ತನ್ನು ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ಕೈಬಿಟ್ಟಿತು. ಅದಕ್ಕೆ ಮುನ್ನ ಗದಗ-ಬೆಟಗೇರಿಯ ದಲಾಲರನ್ನು, ಹಮಾಲರನ್ನು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ರೈತರನ್ನು ಕೇಳಿದವರಾರು?

ನಮ್ಮ ದೇಶದಲ್ಲಿ ವಿದೇಶಿ ವ್ಯಾಪಾರ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಆದುದರಿಂದಲೇ, ಸರಕಾರವನ್ನು ಕುಳ್ಳಿರಿಸಿ ಪ್ರಶ್ನಿಸಬಲ್ಲ ವಾಣಿಜ್ಯ ಸ್ಥಾಯಿ ಸಮಿತಿಗೆ ಮಹತ್ವವಿದೆ. ಆದರೆ ಸಂಸದರು ಸಾವಿರ ಪುಟಗಳ ಕಡತವನ್ನು ಒಬ್ಬರೇ ಓದಲಾರರು. ಅವರಿಗೆ ಟಿಪ್ಪಣಿ ಬರೆದುಕೊಡುವವರ ಪೈಕಿ ಪಿಆರ್‌ಎಸ್ ಸಂಸ್ಥೆಯು 2010ರಲ್ಲಿ ಆರಂಭಿಸಿದ ‘ಲ್ಯಾಂಪ್’ ಫೆಲೋಶಿಪ್‌ನ ತರುಣರಿದ್ದಾರೆ. 25 ವರ್ಷ ಮೀರದ, ಯಾವುದೇ ವಿಷಯದ ಪದವೀಧರರು ಅದಕ್ಕೆ ಅರ್ಜಿ ಸಲ್ಲಿಸಬಹುದು. ಬಿ.ಎ. ಓದಿದವರೂ ಸಹ!

ಬಾಗಿಲು ತೆರೆದಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆ ಬಾಗಿಲಿನ ಭಾಷೆ ಇಂಗ್ಲಿಷ್, ಅದಿರುವ ಊರು ದಿಲ್ಲಿ. ಮುಂಡರಗಿಯ ಹಮಾಲನ ಮಗಳಿಗೆ ಅದರ ಸುದ್ದಿಯನ್ನಾದರೂ ಮುಟ್ಟಿಸಿದ ಕಾಲೇಜು ಎಷ್ಟಿವೆ? ಐರೋಪ್ಯ ಸಂಸತ್ತು ಯುವ ಪದವೀಧರರಿಗೆ ಐದು ತಿಂಗಳ ಭತ್ಯೆಸಹಿತ ತರಬೇತಿ ನೀಡುತ್ತದೆ. ನಮ್ಮ ಸಂಸತ್ತೂ ಸ್ಥಾಯಿ ಸಮಿತಿಗಳಲ್ಲಿ ಅಂತಹ ಸ್ಥಾನಗಳನ್ನು ಸೃಷ್ಟಿಸಿ, ಸಣ್ಣ ಊರುಗಳಿಗೆ ಪಾಲು ಮೀಸಲಿಡಲಿ.

ನಾವಾದರೂ ಏನು ಮಾಡಿದ್ದೇವೆ? ಒಂದು ಮದುವೆಯ ಊಟಕ್ಕೆ ಸುರಿಯುವ ಹಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಇಂಗ್ಲಿಷ್ ತರಬೇತಿಯೂ ದಿಲ್ಲಿಯ ಬಾಡಿಗೆಯೂ ನಡೆದೀತು. ನಮ್ಮ ಜಮಾಅತ್‌ಗಳು ಈ ವರ್ಷವೇ ಒಬ್ಬಳನ್ನು ಆರಿಸಲಿ.