ಓಡುವ ಹಲಗೆ ಮತ್ತು ನಿಲ್ಲಿಸುವ ವಿದ್ಯೆ



ಕಳೆದ ಬೇಸಿಗೆಯ ರಜೆಯಲ್ಲಿ ಮೈಸೂರಿನ ನಮ್ಮ ಮನೆಯ ಪಡಸಾಲೆಯು ಒಂದು ಸಣ್ಣ ಕಾರ್ಖಾನೆಯಾಗಿ ಮಾರ್ಪಟ್ಟಿತ್ತು. ಎಂಜಿನಿಯರಿಂಗ್ ಎರಡನೆಯ ವರ್ಷ ಮುಗಿಸಿದ್ದ ನನ್ನ ಮೊಮ್ಮಗನು ವಿದ್ಯುತ್ತಿನಿಂದ ಓಡುವ ಸ್ಕೇಟ್‌ಬೋರ್ಡೊಂದನ್ನು ಸ್ವತಃ ತಯಾರಿಸಲು ಹೊರಟಿದ್ದನು. ನಾಲ್ಕು ಚಕ್ರಗಳ ಹಲಗೆಯ ಮೇಲೆ ನಿಂತು, ಕೈಯಲ್ಲೊಂದು ರಿಮೋಟ್ ಹಿಡಿದು ಸಾಗುವ ವಾಹನವದು. "ಬಿದ್ದು ಕೈಕಾಲು ಮುರಿದುಕೊಳ್ಳುತ್ತಾನೆ, ನೀವಾದರೂ ಬೇಡ ಅನ್ನಿ ಅಪ್ಪಾ" ಎಂದು ಮಗಳು ನನ್ನಲ್ಲಿ ದೂರಿದಳು. ನಾನು ಬೇಡವೆನ್ನಲಿಲ್ಲ. ಏಕೆನ್ನಲಿಲ್ಲ, ಯಾವ ಷರತ್ತಿನ ಮೇಲೆ ಒಪ್ಪಿದೆ ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಮೊದಲು ಯಂತ್ರದ ವಿಚಾರ. ಏಳು ಪದರಗಳ ಪ್ಲೈವುಡ್ ಹಲಗೆ. ಅದರಡಿಯಲ್ಲಿ ಮೋಟಾರು, ಬ್ಯಾಟರಿ, ಇವೆರಡರ ನಡುವೆ ಕಂಟ್ರೋಲರ್. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಂಬವರು ರೂಪಿಸಿ, ಎಲ್ಲರಿಗೂ ಮುಕ್ತವಾಗಿ ಒದಗಿಸಿದ ವಿನ್ಯಾಸದ ಕಂಟ್ರೋಲರ್ ಅದು. ಬ್ಯಾಟರಿಯಲ್ಲಿ 40 ಲಿಥಿಯಂ ಕೋಶಗಳು. ನಾಲ್ಕು ನಾಲ್ಕು ಕೋಶಗಳನ್ನು ಸಮಾಂತರವಾಗಿ ಜೋಡಿಸಿ, ಅಂತಹ ಹತ್ತು ಗುಂಪುಗಳನ್ನು ಸರಣಿಯಲ್ಲಿ ಕಟ್ಟಿದರೆ 36 ವೋಲ್ಟ್. ಪೂರ್ಣ ತುಂಬಿದಾಗ 42 ವೋಲ್ಟ್. ಇದರಲ್ಲಿ ಅಡಗಿರುವ ಶಕ್ತಿ 360 ವ್ಯಾಟ್-ಗಂಟೆ, ಅಂದರೆ ಸುಮಾರು 13 ಲಕ್ಷ ಜೂಲ್. ಸ್ವಲ್ಪವೂ ವ್ಯಯವಾಗದಿದ್ದರೆ, 65 ಕಿಲೋಗ್ರಾಂ ತೂಕದ ಹುಡುಗನನ್ನು ಸಮುದ್ರ ಮಟ್ಟದಿಂದ ಮುಳ್ಳಯ್ಯನಗಿರಿಯ ತುದಿಗೆ ಎತ್ತಲು ಇಷ್ಟು ಸಾಕು! ಇದನ್ನು ಲೆಕ್ಕ ಹಾಕಿದೊಡನೆ ನನ್ನ ಮೊದಲನೆಯ ಷರತ್ತು ಹುಟ್ಟಿತು: ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತ ಕೋಶಗಳು ಬೇಡ, ಜೋಡಣೆಯನ್ನು ಆ ಕೆಲಸದಲ್ಲಿ ನುರಿತವರಿಂದಲೇ ಮಾಡಿಸಬೇಕು. ಇಂತಹ ಬ್ಯಾಟರಿಗೆ ಬೆಂಕಿ ಹೊತ್ತಿದರೆ ಒಂದು ಬಕೆಟ್ ನೀರಿನಿಂದ ಆರುವಂತಹುದಲ್ಲ.

ಎರಡನೆಯ ಲೆಕ್ಕವನ್ನು ಅವನಿಂದಲೇ ಮಾಡಿಸಿದೆ. ಆ ಮೋಟಾರು ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು ತಿರುಗುತ್ತದೆ; 36 ವೋಲ್ಟಿಗೆ 6840 ಸುತ್ತು. ಮೋಟಾರಿನ ಗಾಲಿಗೆ 15 ಹಲ್ಲು, ಚಕ್ರದ ಗಾಲಿಗೆ 36 ಹಲ್ಲು. ಆದ್ದರಿಂದ ಚಕ್ರಕ್ಕೆ 2850 ಸುತ್ತು. ಚಕ್ರದ ವ್ಯಾಸ 90 ಮಿಲಿಮೀಟರ್. ಗುಣಿಸಿ ನೋಡಿದರೆ ಗಂಟೆಗೆ 48 ಕಿಲೋಮೀಟರ್! ಮೇಲೆ ಮನುಷ್ಯ ನಿಂತಾಗ ವೇಗ ಇದಕ್ಕಿಂತ ಕಡಿಮೆಯಾಗುತ್ತದೆ, ನಿಜ. ಆದರೆ ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ, ಅದೇ ಬ್ರೇಕಿಗೆ ನಿಲ್ಲಲು ಬೇಕಾದ ದೂರವೂ ನಾಲ್ಕು ಮಡಿ. ಎರಡನೆಯ ಷರತ್ತು: ಕಂಟ್ರೋಲರಿನಲ್ಲಿ ವೇಗದ ಮಿತಿ 20 ಕಿಲೋಮೀಟರ್. ಶಿರಸ್ತ್ರಾಣ, ಮೊಣಕಾಲಿನ ರಕ್ಷೆ ಇಲ್ಲದೆ ಹಲಗೆ ಹತ್ತುವಂತಿಲ್ಲ; ವಾಹನಗಳು ಓಡಾಡುವ ರಸ್ತೆಗೆ ಇಳಿಯುವಂತಿಲ್ಲ.

ಜೋಡಣೆ ನಾಲ್ಕು ದಿನಗಳಲ್ಲಿ ಮುಗಿಯಿತು. ಹದಗೊಳಿಸಲು ಹಿಡಿದದ್ದು ಆರು ವಾರ. ನನ್ನ ದೃಷ್ಟಿಯಲ್ಲಿ ನಿಜವಾದ ವಿದ್ಯೆ ಇದ್ದದ್ದು ಈ ಆರು ವಾರಗಳಲ್ಲಿ.

ಮೊದಲ ದಿನ ಬೆರಳು ಒತ್ತಿದೊಡನೆ ಹಲಗೆ ಮುಂದಕ್ಕೆ ಹಾರಿತು, ಹುಡುಗ ಹಿಂದಕ್ಕೆ ಬಿದ್ದ. ಬೆರಳಿನ ಒತ್ತಡಕ್ಕೂ ಮೋಟಾರಿಗೆ ಹರಿಯುವ ವಿದ್ಯುತ್ತಿಗೂ ಇರುವ ಸಂಬಂಧವನ್ನು ಆರಂಭದಲ್ಲಿ ಮಂದವಾಗಿಸಬೇಕೆಂದು ಆಗ ತಿಳಿಯಿತು. ಅನಂತರ ಬೆಲ್ಟಿನ ಸರದಿ: ಸಡಿಲವಾದರೆ ಬ್ರೇಕ್ ಹಾಕುವಾಗ ಹಲ್ಲು ಜಾರುತ್ತದೆ, ಬಿಗಿಯಾದರೆ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ಶಕ್ತಿ ಪೋಲಾಗುತ್ತದೆ. ವೇಗ ಹೆಚ್ಚಿದಾಗ ಹಲಗೆ ಎಡಬಲಕ್ಕೆ ನಡುಗುತ್ತಿತ್ತು. ಅಚ್ಚಿನಲ್ಲಿದ್ದ ಮೆತ್ತನೆಯ ರಬ್ಬರನ್ನು ತೆಗೆದು ಗಡುಸಾದುದನ್ನು ಹಾಕಿ, ದೇಹದ ಭಾರವನ್ನು ಮುಂಗಾಲಿನ ಮೇಲಿಡಲು ಅಭ್ಯಾಸ ಮಾಡಿದ ಮೇಲೆ ಆ ನಡುಕ ನಿಂತಿತು.

ಎಲ್ಲಕ್ಕಿಂತ ದೊಡ್ಡ ಪಾಠ ಬ್ರೇಕಿನದು. ಒಂದು ಬೆಳಿಗ್ಗೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ನಮ್ಮ ಬಡಾವಣೆಯ ಇಳಿಜಾರಿನ ಮೇಲ್ತುದಿಯಿಂದ ಹೊರಟವನು ಬೇಲಿಗೆ ಬಡಿದು, ಮೊಣಕೈ ತರಚಿಕೊಂಡು ಮನೆಗೆ ಬಂದ. "ತಾತ, ಮೊದಲು ಬ್ರೇಕ್ ಹಿಡಿಯಿತು, ಆಮೇಲೆ ಇದ್ದಕ್ಕಿದ್ದಂತೆ ಬಿಟ್ಟುಹೋಯಿತು" ಎಂದ. ಇಬ್ಬರೂ ಕುಳಿತು ಯೋಚಿಸಿದೆವು. ಈ ಹಲಗೆಯಲ್ಲಿ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರಾಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದರೆ ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿಯುವುದೆಲ್ಲಿ? ಮಿತಿ ಮೀರಿದೊಡನೆ ಬ್ಯಾಟರಿಯ ರಕ್ಷಣಾ ಮಂಡಲ ಸಂಪರ್ಕವನ್ನು ಕಡಿದಿತ್ತು. ಬ್ಯಾಟರಿಯನ್ನು ಕಾಯುವ ವ್ಯವಸ್ಥೆ ಸವಾರನ ಕೈ ಬಿಟ್ಟಿತ್ತು! ಅಂದಿನಿಂದ 42ರ ಬದಲು 41 ವೋಲ್ಟಿಗೇ ಚಾರ್ಜು ನಿಲ್ಲಿಸುವುದು, ಪ್ರಯಾಣವನ್ನು ಏರುದಾರಿಯಿಂದ ಆರಂಭಿಸುವುದು, ಬ್ಯಾಟರಿಗೆ ಹಿಂದಿರುಗುವ ವಿದ್ಯುತ್ತಿಗೆ ಕಂಟ್ರೋಲರಿನಲ್ಲಿ ಮಿತಿ ಹಾಕುವುದು ಎಂಬ ಕಟ್ಟುಪಾಡುಗಳಾದವು.

ನಾನು 32 ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಬೋಧಿಸಿದವನು. ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆ ವಾಕ್ಯವನ್ನು ಮರೆತರೆ ಮೊಣಕೈ ತರಚುತ್ತದೆಂದು ನಾನು ಯಾರಿಗೂ ಕಲಿಸಲಿಲ್ಲ. ಕಲಿಸದಿದ್ದುದು ಮಾತ್ರವಲ್ಲ, ಕಲಿಯಹೊರಟವನನ್ನು ತಡೆದದ್ದೂ ಉಂಟು. 1986ರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಟೇಪ್‌ರೆಕಾರ್ಡರಿನ ಮೋಟಾರಿನಿಂದ ಓಡುವ ಸಣ್ಣ ಗಾಡಿಯೊಂದನ್ನು ಮಾಡಿ ತಂದಿದ್ದನು. ಅದು ನೇರವಾಗಿ ಓಡದೆ ಗೋಡೆಯತ್ತ ತಿರುಗುತ್ತಿತ್ತು. ಏಕೆಂದು ನನ್ನನ್ನು ಕೇಳಿದ. ಪರೀಕ್ಷೆ ಹತ್ತಿರವಿತ್ತು. "ಇದಕ್ಕೆಲ್ಲ ಅಂಕ ಕೊಡುವುದಿಲ್ಲ, ಹೋಗಿ ಓದಿಕೋ" ಎಂದು ಗಾಡಿಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟೆ. ಅವನು ಮತ್ತೆ ಕೇಳಲಿಲ್ಲ, ನಾನೂ ಹಿಂದಿರುಗಿಸಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬುದನ್ನು ಇಂದು ಒಪ್ಪಿಕೊಳ್ಳುತ್ತೇನೆ. ಅವನು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಲಿ.

ನನ್ನ ಅಭಿಪ್ರಾಯವಿಷ್ಟೆ. ಮಕ್ಕಳು ಅಪಾಯವಿರುವ ವಸ್ತುವನ್ನು ಮಾಡಹೊರಟಾಗ "ಬೇಡ" ಎಂದರೆ ಅವರು ಮರೆಯಲ್ಲಿ ಮಾಡುತ್ತಾರೆ, ಇಲ್ಲವೇ ಮಾಡುವ ಆಸೆಯನ್ನೇ ಬಿಡುತ್ತಾರೆ. ಎರಡೂ ನಷ್ಟವೇ. ಹಿರಿಯರು ಪಕ್ಕದಲ್ಲಿ ಕುಳಿತು, ಹೇಗೆ ಓಡುತ್ತದೆ ಎನ್ನುವುದಕ್ಕೆ ಮೊದಲು ಹೇಗೆ ನಿಲ್ಲುತ್ತದೆ ಎಂದು ಕೇಳಬೇಕು. ಶಾಲೆಗಳೂ ಸರಿಯಾದ ಉತ್ತರಕ್ಕೆ ಕೊಡುವ ಅಂಕಗಳಲ್ಲಿ ಕೆಲವನ್ನು, ತಪ್ಪನ್ನು ಹುಡುಕಿ ತಿದ್ದಿದ ಬಗೆಯನ್ನು ಬರೆದಿಟ್ಟವರಿಗೆ ಕೊಡಲಿ. ಮೊಮ್ಮಗನ ನೋಟುಪುಸ್ತಕದಲ್ಲಿ ಅಂತಹ 23 ತಪ್ಪುಗಳಿವೆ. ದಿನಾಂಕ, ಕಾರಣ, ಪರಿಹಾರಗಳ ಸಮೇತ. ಅವನ ಅಂಕಪಟ್ಟಿಗಿಂತ ಅದು ನನಗೆ ಹೆಚ್ಚಿನದಾಗಿ ಕಾಣುತ್ತದೆ. ಮಗಳಿಗೆ ಮಾತ್ರ ಈ ಮಾತು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅವನು ಹಲಗೆ ಹಿಡಿದು ಹೊರಟಾಗಲೆಲ್ಲ ಗೇಟಿನ ಬಳಿ ನಿಂತಿರುತ್ತಾಳೆ. ಅದು ತಪ್ಪೆಂದು ನಾನು ಹೇಳಲಾರೆ. ನಾನೂ ಅವಳ ಪಕ್ಕದಲ್ಲೇ ನಿಂತಿರುತ್ತೇನೆ.