ಮನೆಗಳು ಉಳಿದವು, ಒಕ್ಕಲು ಉಳಿಯಬೇಕು

ವಾಯವ್ಯ ವೇಲ್ಸ್‌ನ ಲ್ಲೀನ್ ಪರ್ಯಾಯ ದ್ವೀಪದಲ್ಲಿ ಕಡಿದಾದ ಬೆಟ್ಟ ಇಳಿದು ಕಡಲಿಗೆ ಮುಖ ಮಾಡಿದರೆ ನಾಂಟ್ ಗುರ್ಥೈರ್ನ್ ಎಂಬ ಊರು. 1959ರಲ್ಲಿ ಅಲ್ಲಿನ ಕೊನೆಯ ಒಕ್ಕಲೂ ಎದ್ದುಹೋಯಿತು. ಕಲ್ಲುಗಣಿಗೆಂದೇ ಹುಟ್ಟಿದ ಊರದು. ಅಲ್ಲಿ ಕಡಿದ ಗ್ರಾನೈಟ್ ಹಡಗೇರಿ ಹೋಗಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಬೀದಿಗಳಿಗೆ ಹಾಸುಗಲ್ಲಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಗಣಿ ನಿಂತಿತು. ಎರಡು ಸಾಲು ಮನೆ, ಸೀಲೋ ಪ್ರಾರ್ಥನಾ ಮಂದಿರ, ಮ್ಯಾನೇಜರರ ದೊಡ್ಡ ಮನೆ ಎಲ್ಲವೂ ಪಾಳುಬಿದ್ದವು. 1970ರ ದಶಕದಲ್ಲಿ ಬಂದು ಬೀಡುಬಿಟ್ಟವರು ಬಾಗಿಲು, ನೆಲಹಲಗೆಗಳನ್ನು ಕಿತ್ತು ಚಳಿಗೆ ಉರಿಸಿದರು.

ಅದೇ ಹೊತ್ತಿನಲ್ಲಿ ನೆರೆಯೂರು ಲ್ಲನೈಲ್‌ಹೈಯರ್ನ್‌ನಲ್ಲಿ ಶಾಲೆ ಮುಚ್ಚುವ ಮಾತೆದ್ದಿತು. ಅಲ್ಲಿ ವೈದ್ಯರಾಗಿದ್ದ ಕಾರ್ಲ್ ಕ್ಲೌಸ್ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ, ದೊಡ್ಡವರಾದ ಮೇಲೆ ವೆಲ್ಷ್ ಭಾಷೆ ಕಲಿತವರು. ಊರವರು ಅವರೊಡನೆ ನಿಂತು ಶಾಲೆ ಉಳಿಸಿಕೊಂಡರು. ಶಾಲೆಗೆ ಮಕ್ಕಳು ಬೇಕು, ಮಕ್ಕಳು ಊರಲ್ಲಿರಲು ತಂದೆತಾಯಿಗೆ ಕೆಲಸ ಬೇಕು ಎಂದು 1974ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಆ ಛಲವೇ ಮುಂದೆ ನಾಂಟ್‌ನ ಕಡೆಗೂ ಹೊರಳಿತು. ಕ್ಲೌಸ್ ಮುಂದಾಳತ್ವದ ಟ್ರಸ್ಟ್ 1978ರಲ್ಲಿ ಇಡೀ ಊರನ್ನು ಕೊಂಡಿತು. 1982ರಲ್ಲಿ ವೆಲ್ಷ್ ಕಲಿಕೆಯ ಮೊದಲ ತರಗತಿ ನಡೆಯಿತು. ಈಗ ಗಣಿ ಕಾರ್ಮಿಕರ ಮನೆಗಳಲ್ಲಿ ಕಲಿಯಲು ಬಂದವರು ತಂಗುತ್ತಾರೆ. ಸೀಲೋದಲ್ಲಿ ಊರಿನ ಇತಿಹಾಸ ಹೇಳುವ ಪ್ರದರ್ಶನವಿದೆ. ಮದುವೆಗಳೂ ನಡೆಯುತ್ತವೆ. ಬೆಟ್ಟದ ಮೇಲಿನ ಲ್ಲಿಥ್ವೈನ್‌ನ ಜನ 1988ರಲ್ಲಿ ಮುಚ್ಚಿಹೋಗಿದ್ದ ಪಬ್ಬನ್ನು ತಾವೇ ಕೊಂಡು ನಡೆಸತೊಡಗಿದರು.

ಸಣ್ಣ ಭಾಷೆಯೊಂದು ಪಾಳುಗೋಡೆಗಳಿಗೆ ಮತ್ತೆ ಕೆಲಸ ಕೊಟ್ಟಿತು ಎನ್ನುವುದು ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ ಸಂಗತಿ. ಸರ್ಕಾರ ಕಟ್ಟಿಕೊಟ್ಟದ್ದಲ್ಲ, ಬೇಕೆಂದವರು ಹಟ ಹಿಡಿದು ಪಡೆದದ್ದು.

ಆದರೂ ಲೆಕ್ಕ ಪೂರ್ತಿಯಾಗಿಲ್ಲ. ಅಂದು ಉಳಿಸಿಕೊಂಡ ಲ್ಲನೈಲ್‌ಹೈಯರ್ನ್ ಶಾಲೆ ಮಕ್ಕಳಿಲ್ಲದೆ 2020ರಲ್ಲಿ ಮುಚ್ಚಿತು. ನಾಂಟ್‌ಗೆ ಬರುವವರು ಕಲಿತು, ಉಂಡು ಹಿಂದಿರುಗುವವರು. ಅವರಿಂದ ಶಾಲೆಯ ಹಾಜರಿ ಪುಸ್ತಕ ತುಂಬದು. ಸುತ್ತಲಿನ ಊರುಗಳಲ್ಲಿ ಎಷ್ಟೋ ಮನೆಗಳು ಹೊರಗಿನವರ ರಜಾಮನೆಗಳಾಗಿವೆ, ಸ್ಥಳೀಯ ಯುವಕರ ಕೈಗೆ ಬೆಲೆ ಎಟುಕುವುದಿಲ್ಲ. ಇಲ್ಲಿನ ಸ್ಥಳೀಯಾಡಳಿತವಾದ ಗ್ವಿನೆದ್ ಕೌನ್ಸಿಲ್ 2023ರಲ್ಲಿ ಇಂಥ ಎರಡನೇ ಮನೆಗಳ ಮೇಲಿನ ಹೆಚ್ಚುವರಿ ತೆರಿಗೆಯನ್ನು ಶೇ 150ಕ್ಕೆ ಏರಿಸಿದ್ದು ಸರಿಯಾದ ಹೆಜ್ಜೆ. ಆ ಹಣ ಸ್ಥಳೀಯ ಯುವ ಕುಟುಂಬಗಳಿಗೆ ಮನೆಯಾಗಬೇಕು, ಅದೂ ಇನ್ನೊಂದು ಶಾಲೆಗೆ ಬೀಗ ಬೀಳುವ ಮೊದಲೇ.